ನೀರು ಬರುವ ಹಿಂದಿನ ದಿನ ಸಂಜೆ

“ಎಂಟ ದಿನಕ್ಕೊಮ್ಮೆ ನೀರ ಬರ್ತಾವ. ನೀವ ನೋಡಿದ್ರ ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡ್ರಿ ಅಂತೀರಿ. ಆಮ್ಯಾಲ ಮಾರಿ ಏನ್ ನಿಮ್ಮ ಚೀಟೀಲೆ ಒರಸ್ಕೋಬೇಕೇನ್ರಿ?”

ನಾನು ಆಶಾ ಕಾರ್ಯಕರ್ತೆಯಾಗಿ, ಅಂದರೆ ಮನೆಮನೆ ತಿರುಗುವ ಆರೋಗ್ಯದ ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ ಒಬ್ಬ ಬಾಯಾರು ನನ್ನನ್ನು ಹೀಗೆ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದರು. ಮೈಮೇಲೆ ಗುಲಾಬಿ ಸೀರೆ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಡೆಂಗಿ ಜಾಗೃತಿಯ ಕರಪತ್ರದ ಕಟ್ಟು, ಗೋಡೆಗೆ ತಾರೀಖು ಬರೆಯಲು ಸೆರಗಿನ ತುದಿಯಲ್ಲಿ ಸೀಮೆಸುಣ್ಣ. ಎಲ್ಲ ಇತ್ತು, ಉತ್ತರ ಮಾತ್ರ ಇರಲಿಲ್ಲ. ಕರಪತ್ರದಲ್ಲಿ “ವಾರಕ್ಕೊಮ್ಮೆ ಒಣ ದಿನ ಆಚರಿಸಿ” ಎಂದಿತ್ತು. ನಾವು ಬಾಯಲ್ಲಿ ಡ್ರೈ ಡೇ ಅನ್ನುತ್ತಿದ್ದೆವು. ಕಟ್ಟೆ ಮೇಲೆ ಕೂತ ಗಂಡಸರು ಅದನ್ನು ಕೇಳಿ ನಕ್ಕು, ಅವತ್ತು ಹೆಂಡದಂಗಡಿ ಬಂದ್ ಏನು ಎಂದು ಕೇಳುತ್ತಿದ್ದರು.

ಧಾರವಾಡದ ನಮ್ಮ ಓಣಿಗೆ ಬರುವುದು ಸವದತ್ತಿ ಹತ್ತಿರದ ರೇಣುಕಾ ಸಾಗರದಿಂದ ಹರಿದು ಬಂದ ಮಲಪ್ರಭೆ ನೀರು. ಬಂದ ದಿನ ಮನೆ ಮಂದಿಯೆಲ್ಲ ಹಬ್ಬದ ಹಾಗೆ ಓಡಾಡುತ್ತಾರೆ. ಒಂದೊಂದು ಮನೆಯಲ್ಲೂ ಇನ್ನೂರು ಲೀಟರಿನ ನೀಲಿ ಡ್ರಮ್ಮು ಎರಡೋ ಮೂರೋ, ಬಚ್ಚಲಲ್ಲಿ ಸಿಮೆಂಟಿನ ಹೌದು (ನೀರಿನ ತೊಟ್ಟಿ), ಅದರ ಪಕ್ಕ ಹಂಡೆ, ಮೇಲೆ ಕೊಡ, ಬಕೆಟ್ಟು, ಕೊನೆಗೆ ಪಲ್ಯದ ಪಾತೇಲಿಯೂ ತುಂಬಬೇಕು. ತುಂಬಿದ ನೀರು ನಮಗೆ ಗಂಟು ಇದ್ದ ಹಾಗೆ. ಡ್ರಮ್ಮಿನ ತಳದ ಒಂದು ಗೇಣು ನೀರನ್ನು ಯಾರೂ ಮುಟ್ಟುವುದಿಲ್ಲ, ನಾಳೆ ನೀರು ಬರದಿದ್ದರೆ ಎಂಬ ಹೆದರಿಕೆ. ಮಾರನೆಯ ದಿನ ನೀರು ಬಂದರೆ ಅದೇ ಹಳೇ ನೀರಿನ ಮೇಲೆ ಹೊಸ ನೀರು ಬೀಳುತ್ತದೆ. ಹೀಗೆ ಯುಗಾದಿಗೆ ಒಮ್ಮೆ ತೊಳೆದ ಡ್ರಮ್ಮು ದೀಪಾವಳಿಗೇ ಮತ್ತೆ ತನ್ನ ತಳ ಕಾಣುತ್ತಿತ್ತು.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೇ? ಜನ ಸೊಳ್ಳೆ ಅಂದ ಕೂಡಲೇ ಗಟಾರದ ಕಡೆ ಕೈ ತೋರಿಸುತ್ತಾರೆ. ಗಟಾರದಲ್ಲಿ ಹುಟ್ಟುವುದು ಕ್ಯುಲೆಕ್ಸ್, ಅದು ರಾತ್ರಿ ಕಿವಿಯ ಹತ್ತಿರ ಗುಂಯ್ ಅನ್ನುವುದು. ಈಡಿಸ್ ಬಲು ಮಡಿವಂತ ಸೊಳ್ಳೆ. ಅದಕ್ಕೆ ತಿಳಿನೀರು, ನೆರಳು, ನಿಂತ ಪಾತ್ರೆ ಬೇಕು. ಕಚ್ಚುವುದು ಹಗಲಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಇಳಿಹೊತ್ತು. ಕಪ್ಪು ಕಾಲಿನ ಮೇಲೆ ಬಿಳಿ ಪಟ್ಟೆ. ಹುಟ್ಟಿದ ಮನೆಯ ಸುತ್ತಮುತ್ತಲೇ ಬಾಳಿ ಸಾಯುವ ಜೀವಿ, ದೂರ ಹಾರುವುದಿಲ್ಲ. ಅಂದರೆ ನಿಮ್ಮ ಮನೆಯ ಮಗುವನ್ನು ಕಚ್ಚಿದ್ದು ಬಹುತೇಕ ನಿಮ್ಮ ಡ್ರಮ್ಮಿನದು, ಇಲ್ಲವೇ ಪಕ್ಕದವರ ಡ್ರಮ್ಮಿನದು. ಈ ಮಾತನ್ನು ಬಾಗಿಲಲ್ಲಿ ನಿಂತು ಹೇಳಿದರೆ ಜಗಳ ಗ್ಯಾರಂಟಿ. ನಾನು ಎರಡು ಸಲ ಹೇಳಿ ಆಮೇಲೆ ಬಿಟ್ಟೆ.

ಮೊದಲ ವರ್ಷ ನಾನು ಮಾಡಿದ್ದೆಲ್ಲ ವ್ಯರ್ಥ ಅಂತಲೇ ಹೇಳಬೇಕು. ಟಾರ್ಚು ಬಿಟ್ಟು ನೋಡುವುದು, ಸೊಳ್ಳೆಯ ಮರಿಹುಳ ಕಂಡರೆ ನಿಂತು ಚೆಲ್ಲಿಸುವುದು, ಗೋಡೆಗೆ ತಾರೀಖು ಹಾಕುವುದು. ಚೆಲ್ಲಿದ ಮನೆಗೇ ಐದಾರು ದಿನಕ್ಕೆ ಹೋದರೆ ಡ್ರಮ್ಮಿನಲ್ಲಿ ಮತ್ತೆ ದೊಡ್ಡ ದೊಡ್ಡ ಹುಳ. ಇವರು ನನ್ನೆದುರು ಚೆಲ್ಲಿದ ಹಾಗೆ ನಾಟಕ ಮಾಡಿ ಅರ್ಧ ನೀರು ಉಳಿಸಿಕೊಂಡಿದ್ದಾರೆ ಅಂದುಕೊಂಡೆ. ಒಬ್ಬಿಬ್ಬರ ಮೇಲೆ ರೇಗಿದ್ದೂ ಉಂಟು. ತಪ್ಪು ನನ್ನದೇ ಆಗಿತ್ತು.

ಅದು ಗೊತ್ತಾದದ್ದು ಒಂದು ಹಳೇ ಪ್ಲಾಸ್ಟಿಕ್ ಚರಿಗೆಯಿಂದ. ದಸರೆ ಹೊತ್ತಿಗೆ ನಮ್ಮ ಹಿತ್ತಲಲ್ಲಿ ಅದರೊಳಗೆ ಮಳೆನೀರು ನಿಂತು ಹುಳ ಆಗಿದ್ದವು. ಚೆಲ್ಲಿ, ಬಿಸಿಲಿಗೆ ಬೋರಲು ಹಾಕಿ, ಒಣಗಿದ ಮೇಲೆ ಅಟ್ಟಕ್ಕೆ ಎಸೆದಿದ್ದೆ. ಸಂಕ್ರಾಂತಿಗೆ ಅಟ್ಟ ಗುಡಿಸುವಾಗ ಕೈಗೆ ಸಿಕ್ಕಿತು. ತರಬೇತಿಯಲ್ಲಿ ವೈದ್ಯರೊಬ್ಬರು ಹೇಳಿದ್ದು ನೆನಪಾಗಿ ಕಿಟಕಿ ಬೆಳಕಿಗೆ ಹಿಡಿದೆ. ಹಿಂದೆ ನೀರು ನಿಂತಿದ್ದ ಗೆರೆಯ ಉದ್ದಕ್ಕೂ, ಗೆರೆಗಿಂತ ಸ್ವಲ್ಪ ಮೇಲೆ, ಮಸಿ ಚಿಮುಕಿಸಿದ ಹಾಗೆ ಕರೀ ಚುಕ್ಕೆಗಳು. ಗಸಗಸೆಗಿಂತ ಸಣ್ಣವು, ಒಂದಿಷ್ಟು ಉದ್ದುದ್ದ. ಬೆರಳಿಂದ ಒರೆಸಿದರೆ ಬರಲಿಲ್ಲ. ಅನುಮಾನಕ್ಕೆ ಜಾಗ ಇರಬಾರದೆಂದು ಕುದಿಸಿ ಆರಿಸಿದ ನೀರನ್ನು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟೆ. ಮರುದಿನ ಬೆಳಿಗ್ಗೆ ಟಾರ್ಚು ಬಿಟ್ಟರೆ ದಾರದ ಎಳೆಯಷ್ಟು ಸಣ್ಣ ಹುಳಗಳು ಕೊಂಕುತ್ತ ಕೆಳಗಿಳಿದವು. ಮೂರು ತಿಂಗಳು ಒಣಗಿ ಬಿದ್ದಿದ್ದ ಪಾತ್ರೆ! ಈಡಿಸ್ ನೀರಿನ ಮೇಲೆ ಮೊಟ್ಟೆ ಇಡುವುದಿಲ್ಲ, ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ಅವು ತಿಂಗಳುಗಟ್ಟಲೆ ಒಣಗಿದ್ದು, ನೀರು ಏರಿ ತಾಗಿದಾಗ ಒಡೆಯುತ್ತವೆ. ಪಾಪ, ಓಣಿಯವರು ನಿಜವಾಗಿಯೂ ಚೆಲ್ಲಿದ್ದರು. ಗೋಡೆಯ ಮೇಲಿನ ಮೊಟ್ಟೆ ಹಾಗೇ ಉಳಿದಿತ್ತು, ಅಷ್ಟೇ.

ಅಂದರೆ ಚೆಲ್ಲುವುದಕ್ಕಿಂತ ತಿಕ್ಕುವುದು ಮುಖ್ಯ. ತಿಕ್ಕಲು ಡ್ರಮ್ಮು ಖಾಲಿ ಇರಬೇಕು. ಅದು ತಾನಾಗಿಯೇ ಖಾಲಿಯಾಗುತ್ತ ಬರುವುದು ನೀರು ಬರುವ ಹಿಂದಿನ ದಿನ! ಇಷ್ಟು ಸರಳ ವಿಷಯ ತಲೆಗೆ ಹೊಳೆಯಲು ನನಗೆ ಒಂದೂವರೆ ವರ್ಷ ಬೇಕಾಯಿತು. ಮೊಟ್ಟೆ ಒಡೆದು, ಹುಳವಾಗಿ, ಪ್ಯೂಪಾ (ಕೋಶ) ಆಗಿ, ರೆಕ್ಕೆ ಬಂದು ಹಾರಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ. ನೀರು ಬರುವುದು ಎಂಟು ದಿನಕ್ಕೊಮ್ಮೆ. ಶುಕ್ರವಾರ, ಭಾನುವಾರ ಎಂದು ಕ್ಯಾಲೆಂಡರ್ ಹಿಡಿದು ಕೂರುವ ಬದಲು ನಲ್ಲಿಯನ್ನೇ ಕ್ಯಾಲೆಂಡರ್ ಮಾಡಿಕೊಂಡರೆ ಹೆಚ್ಚುಕಡಿಮೆ ಲೆಕ್ಕ ಕೂಡುತ್ತದೆ.

ನಾವು ಮಾಡಿದ್ದು ಹೀಗೆ. ಹಿಂದಿನ ಸಂಜೆ ತಳದ ನೀರನ್ನು ಹಳೇ ಧೋತರದ ಬಟ್ಟೆಯಲ್ಲಿ ಸೋಸಿ ಬಕೆಟ್ಟಿಗೆ ತುಂಬಿಕೊಳ್ಳುವುದು. ಆ ನೀರು ರಾತ್ರಿಯ ಮುಸುರೆಗೆ, ಬಚ್ಚಲಿಗೆ. ಒಂದು ಹನಿಯೂ ದಂಡ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಯಾರೂ ಮುಂದಿನ ಮಾತು ಕೇಳುವುದಿಲ್ಲ. ಬಟ್ಟೆಯಲ್ಲಿ ಉಳಿದ ಹುಳವನ್ನು ಒಣ ಮಣ್ಣಿನ ಮೇಲೆ ಕೊಡವಬೇಕು. ಗಟಾರಕ್ಕೆ ಸುರಿದರೆ ಕೆಲವು ಅಲ್ಲೂ ಬದುಕಬಹುದು. ಆಮೇಲೆ ಬ್ಲೀಚಿಂಗ್ ಪೌಡರನ್ನು ತೆಳ್ಳಗೆ ಕಲಸಿ ಡ್ರಮ್ಮಿನ ಒಳಗೋಡೆಗೆ, ಮುಖ್ಯವಾಗಿ ಮೇಲಿನ ಅರ್ಧಕ್ಕೆ, ಬಳಿದು ಹದಿನೈದು ನಿಮಿಷ ಬಿಡುವುದು. ತೆಂಗಿನ ನಾರಿನಿಂದ ಗಸಗಸ ತಿಕ್ಕಿ, ಒಂದು ಚೊಂಬು ನೀರಲ್ಲಿ ತೊಳೆದು, ರಾತ್ರಿಯಿಡೀ ಬೋರಲು ಹಾಕುವುದು. ಹೆಂಗಸರು ಕೈ ಹಾಕಿ ತಿಕ್ಕುವುದು ಎಟಕುವವರೆಗೆ, ಅಂದರೆ ಡ್ರಮ್ಮಿನ ಮೇಲ್ಭಾಗ. ಮೊಟ್ಟೆ ಹೆಚ್ಚಿರುವುದೂ ಅಲ್ಲೇ. ಆದರೆ ನೀರು ಇಳಿಯುತ್ತ ಹೋದ ಹಾಗೆ ಸೊಳ್ಳೆಯೂ ಕೆಳಗಿಳಿದು ಇಡುತ್ತದೆ, ಹಾಗಾಗಿ ಡ್ರಮ್ಮನ್ನು ಮಲಗಿಸಿ ಪೂರ್ತಿ ತಿಕ್ಕಲೇಬೇಕು. ಇದಕ್ಕೆ ಮನೆಯ ಗಂಡಸರನ್ನು ಎಬ್ಬಿಸುವುದು ಸೊಳ್ಳೆ ಓಡಿಸುವುದಕ್ಕಿಂತ ಕಷ್ಟದ ಕೆಲಸ, ಅದರ ಬಗ್ಗೆ ಬೇರೆಯೇ ಬರೆಯಬೇಕು.

ನೀರು ಬಿಡುವ ದಿನ ಒಮ್ಮೆ ಹಿಂದೆ, ಒಮ್ಮೆ ಮುಂದೆ. ವಾಲ್ವ್ ತಿರುಗಿಸುವ ಹುಡುಗನ ನಂಬರು ಇಸಿದುಕೊಂಡೆ. ಅವನು ನನಗೆ ಹೇಳುತ್ತಾನೆ, ನಾನು ಓಣಿಯ ವಾಟ್ಸಾಪ್ ಗುಂಪಿಗೆ ದನಿಯಲ್ಲೇ ಕಳಿಸುತ್ತೇನೆ: “ನಾಳೆ ನೀರ ಐತ್ರಿ, ಇವತ್ತ ತಿಕ್ಕೋಣ್ರಿ.” ಕರಪತ್ರ ಓದದವರೂ ಈ ದನಿಗಾಗಿ ಕಾಯುತ್ತಾರೆ. ಅವರಿಗೆ ಬೇಕಿರುವುದು ಮೊದಲರ್ಧ ಮಾತ್ರ, ಗೊತ್ತು. ಎರಡನೇ ಅರ್ಧ ಅದರ ಬೆನ್ನು ಹತ್ತಿ ಹೋಗುತ್ತದೆ.

ತಿಕ್ಕಿದ ಡ್ರಮ್ಮಿಗೆ ಮುಚ್ಚಳ? ಡ್ರಮ್ಮಿನ ಜೊತೆ ಬಂದದ್ದು ಯಾವತ್ತೋ ಕಳೆದಿರುತ್ತದೆ, ಅಥವಾ ಅದರ ಮೇಲೆ ಕುಂಬಳ ಕೊಯ್ಯುತ್ತಿರುತ್ತಾರೆ. ತಗಡು ಮುಚ್ಚಿದರೆ ಸಂದಿ ಉಳಿಯುತ್ತದೆ, ಸೊಳ್ಳೆಗೆ ಅಷ್ಟು ಸಾಕು. ಕೊನೆಗೆ ನಿಂತದ್ದು ಹಳೇ ಕಾಟನ್ ಸೀರೆಯ ತುಂಡು, ಅದರ ಸುತ್ತ ಸೈಕಲ್ ಟ್ಯೂಬಿನ ಬಳೆ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಒಡೆದ ಟ್ಯೂಬು ಪುಕ್ಕಟೆ. ಬಟ್ಟೆ ಡೋಲಿನ ಚರ್ಮದ ಹಾಗೆ ಬಿಗಿಯಾಗಿರಬೇಕು. ಜೋತುಬಿದ್ದು ನೀರಿಗೆ ತಾಗಿದರೆ ಒದ್ದೆ ಬಟ್ಟೆಯ ಮೇಲೇ ಮೊಟ್ಟೆ ಇಡುತ್ತದೆ. ಮಳೆಯಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದವರ ಮನೆಯಲ್ಲಿ ಹಾಳೆಯ ಗುಳಿಯಲ್ಲಿ ಹುಳ ಕಂಡಿದ್ದೇನೆ, ಕೆಳಗಿನ ಡ್ರಮ್ಮು ಮಾತ್ರ ಸ್ವಚ್ಛ.

ಬಚ್ಚಲ ಹೌದಿಗೆ ಈ ಯಾವುದೂ ನಡೆಯಲಿಲ್ಲ, ಅದನ್ನು ಖಾಲಿ ಮಾಡುವುದೇ ಆಗದ ಮಾತು. ಅಲ್ಲಿಗೆ ಸೊಳ್ಳೆಹುಳ ತಿನ್ನುವ ಪುಟ್ಟ ಗಪ್ಪಿ ಮೀನು ಬಿಟ್ಟೆವು. ಮೊದಲ ಸಲ ಬಿಟ್ಟ ಮನೆಯ ಹುಡುಗರು ಅವಕ್ಕೆ ಚಪಾತಿ ಹಾಕಿ ಹಾಕಿ ನೀರು ನಾರಿಸಿದರು. ತುಂಬಿದ ಹೊಟ್ಟೆಯ ಮೀನು ಹುಳ ಹುಡುಕಲಿಲ್ಲ. ಈಗ ಕೊಡುವಾಗಲೇ ಕೈಮುಗಿದು ಹೇಳುತ್ತೇನೆ, ಏನೂ ಹಾಕಬೇಡಿ. ಹುಳ ಕೊಲ್ಲುವ ಟೆಮಿಫಾಸ್ ಔಷಧ ಹನಿಸಿದ ನೀರನ್ನು ಎಮ್ಮೆ ಮೂಸಿ ಬಿಟ್ಟುಬಿಟ್ಟಿತು ಎಂದು ಒಬ್ಬರು ತಕರಾರು ತೆಗೆದಿದ್ದರು. ಮೀನಿನ ಮೇಲೆ ಎಮ್ಮೆಯ ದೂರು ಇನ್ನೂ ಬಂದಿಲ್ಲ.

ಇಷ್ಟಾದರೂ ಒಬ್ಬ ಅಜ್ಜಿ ಒಪ್ಪಿರಲಿಲ್ಲ. ಡ್ರಮ್ಮಿನ ಹುಳ ಅಂದ್ರ ಮೀನಿನ ಮರಿ, ನೀರು ಚೊಕ್ಕ ಮಾಡ್ತಾವ, ದೇವರು ಹುಟ್ಟಿಸ್ಯಾನ, ಇರಲಿ ಬಿಡು ಎಂಬ ವಾದ. ನಾನು ವಾದಿಸಲಿಲ್ಲ. ಅವರ ಡ್ರಮ್ಮಿನದೇ ಎಂಟು ಹತ್ತು ಹುಳವನ್ನು ಉಪ್ಪಿನಕಾಯಿ ಬಾಟ್ಲಿಗೆ ಹಾಕಿ, ಬಾಯಿಗೆ ಸೊಳ್ಳೆಪರದೆ ತುಂಡು ಬಿಗಿದು, ಅವರ ಕಿಟಕಿಯಲ್ಲೇ ಇಟ್ಟು ಬಂದೆ. ಹುಳ ತಲೆಕೆಳಗಾಗಿ ತೂಗಿಕೊಂಡು ಬಾಲದ ನಳಿಗೆಯಿಂದ ಉಸಿರೆಳೆಯುವುದು, ಆಮೇಲೆ ಅಲ್ಪವಿರಾಮ ಚಿಹ್ನೆಯ ಹಾಗೆ ಸೊಟ್ಟಗಾಗಿ ಪ್ಯೂಪಾ ಆಗುವುದು, ಎಲ್ಲವನ್ನೂ ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದರಂತೆ. ನಾಲ್ಕನೆಯ ದಿನ ಬೆಳಿಗ್ಗೆ ಪಟ್ಟೆಪಟ್ಟೆ ಕಾಲಿನ ಸೊಳ್ಳೆ ಬಾಟ್ಲಿಯ ಗೋಡೆ ಹಿಡಿದು ಕೂತಿತ್ತು. ನಾನು ಹೋಗುವಷ್ಟರಲ್ಲಿ ಅಜ್ಜಿ ಬಾಟ್ಲಿ ಹಿಡಿದು ಮನೆಮನೆ ತಿರುಗಿ ಬಂದಿದ್ದರು. ನನ್ನ ವರ್ಷದ ಕೆಲಸವನ್ನು ಒಂದು ಬೆಳಗಿನಲ್ಲಿ ಮುಗಿಸಿದ್ದರು.

ಅಜ್ಜಿಯ ವಾದಕ್ಕೂ ಹಳೇ ಇತಿಹಾಸ ಇದೆ. ಮಲೇರಿಯಾದ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಮೊದಲು 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ಬಂಗಲೆಯ ಕಿಟಕಿಯಾಚೆ ಇದ್ದ ಪೀಪಾಯಿಯಲ್ಲಿ ಹುಳ ಕಂಡು ಅದನ್ನು ಉರುಳಿಸಿದರು, ಸೊಳ್ಳೆ ಕಾಟ ಇಳಿಯಿತು. ಮೆಸ್ಸಿನ ಪೀಪಾಯಿಗಳನ್ನೂ ಹೀಗೇ ಮಾಡೋಣ ಎಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲವಂತೆ. ಸೃಷ್ಟಿಯ ನಿಯಮ ಕೆಡಿಸಬಾರದು ಎಂಬುದು ಆತನ ಮಾತು. ಇದನ್ನು ಓದಿದ ದಿನ ನನಗೆ ಅಜ್ಜಿಯ ಮೇಲೆ ಇದ್ದಬದ್ದ ಸಿಟ್ಟೂ ಇಳಿಯಿತು.

ಡ್ರಮ್ಮಿನ ಮಾತೇ ಹೆಚ್ಚಾಯಿತು. ಫ್ರಿಜ್ಜಿನ ಹಿಂದಿನ ಟ್ರೇ, ಹಿತ್ತಲಲ್ಲಿ ಬಿಸಾಕಿದ ಒರಳು, ತಗಡಿನ ಮೇಲೆ ಭಾರಕ್ಕಿಟ್ಟ ಟೈರು, ಎಳನೀರು ಚಿಪ್ಪು, ಕಟ್ಟುತ್ತಿರುವ ಮನೆಯ ಲಿಫ್ಟ್ ಗುಂಡಿ, ಇವೆಲ್ಲ ಇದ್ದದ್ದೇ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಸಾರಿ, ಹುಳ ಸಿಕ್ಕ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದು ಗೊತ್ತುಮಾಡಿತು. ಕಟ್ಟಡದವರಿಗೆ ದಂಡದ ಮಾತು ನಾಟುತ್ತದೆ. ಮನೆಗಳಲ್ಲಿ ನಾನು ಅದನ್ನು ಎತ್ತುವುದಿಲ್ಲ, ಎತ್ತಿದರೆ ಮುಂದಿನ ಸಲ ಬಾಗಿಲೇ ತೆಗೆಯುವುದಿಲ್ಲ. ಇನ್ನು ಹೊಗೆ. “ಹೊಗಿ ಹೊಡಸ್ರಿ ಅಕ್ಕಾರ” ಎಂಬ ಬೇಡಿಕೆ ಇಲ್ಲದ ದಿನವಿಲ್ಲ. ಹೊಗೆ ತಾಗಿದ ಹಾರುವ ಸೊಳ್ಳೆ ಸಾಯುತ್ತದೆ, ಡ್ರಮ್ಮಿನಲ್ಲಿರುವ ಹುಳಕ್ಕೆ ಅದು ಬಂದದ್ದೂ ಗೊತ್ತಾಗುವುದಿಲ್ಲ. ಆದರೆ ಹೊಗೆ ಕಣ್ಣಿಗೆ ಕಾಣುತ್ತದೆ, ತಿಕ್ಕಿದ್ದು ಕಾಣುವುದಿಲ್ಲ.

ಜ್ವರ ಬಂದ ಮನೆಯಲ್ಲಿ ನಾನು ಮಾಡಿಸುವುದು ಒಂದೇ, ದಿನದ ಲೆಕ್ಕ. ಕ್ಯಾಲೆಂಡರಿನಲ್ಲಿ ಜ್ವರ ಶುರುವಾದ ದಿನಕ್ಕೆ ಗುಂಡು ಸುತ್ತಿಸುತ್ತೇನೆ. ಡೆಂಗಿ ಹೌದೋ ಅಲ್ಲವೋ ತಿಳಿಯಲು ಮೊದಲ ಐದು ದಿನದೊಳಗೆ ಎನ್‌ಎಸ್1 ಎಂಬ ರಕ್ತಪರೀಕ್ಷೆ, ಆಮೇಲೆ ಐಜಿಎಂ ಎಂಬುದು. ಗುಳಿಗೆ ಅಂದರೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವಿಗೆಂದು ಅಂಗಡಿಯಲ್ಲಿ ಬ್ರೂಫಿನ್, ಆಸ್ಪಿರಿನ್ ಇಸಿದುಕೊಂಡರೆ ರಕ್ತಸ್ರಾವ ಹೆಚ್ಚುವ ಭಯ. ಜನ ಮೋಸ ಹೋಗುವುದು ಜ್ವರ ಇಳಿದಾಗ. ನಮ್ಮ ಓಣಿಯ ಬಾಣಂತಿಯೊಬ್ಬಳಿಗೆ ಐದನೇ ದಿನ ಜ್ವರ ಬಿಟ್ಟಿತ್ತು, ಮನೆಯವರು ಖುಷಿಯಲ್ಲಿದ್ದರು. ಹೊಟ್ಟೆ ನೋಯುತ್ತದೆ ಎಂದು ಮುದುಡಿ ಮಲಗಿದ್ದಳು, ಮೂರು ಸಲ ವಾಂತಿ, ಕೈಕಾಲು ತಣ್ಣಗೆ. ಅವಳ ಕೈ ಮುಟ್ಟಿದ್ದೇ ಆಟೋ ಕರೆಸಿದೆ. ಡೆಂಗಿಯ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ, ಮೂರರಿಂದ ಏಳನೇ ದಿನದ ನಡುವೆ. ಉಳಿದವರು ಪ್ಲೇಟ್‌ಲೆಟ್ ಎಷ್ಟು, ಪಪ್ಪಾಯಿ ಎಲೆ ರಸ ಕುಡಿಸಿದಿರಾ ಎಂದು ಕೇಳುತ್ತಿದ್ದರು. ನಾನು ಕೇಳಿದ್ದು ಮೂತ್ರ ಎಷ್ಟು ಹೊತ್ತಿಗೆ ಆಯಿತು ಅಂತ. ಹುಡುಗಿ ಗುಣವಾಗಿ ಬಂದಳು.

ಹೋದ ಬೇಸಿಗೆಯಲ್ಲಿ ದೊಡ್ಡ ಪೈಪು ಒಡೆದು ಹನ್ನೆರಡು ದಿನ ನೀರಿಲ್ಲ. ನಮ್ಮ ನಲ್ಲಿ ಕ್ಯಾಲೆಂಡರ್ ಅಲ್ಲಿಗೇ ಮುರಿಯಿತು. ಸೊಳ್ಳೆಗೆ ಪೈಪು ರಿಪೇರಿ ಆಗುವವರೆಗೆ ಕಾಯುವ ಹಣೆಬರಹವಿಲ್ಲ. ನೀರು ಚೆಲ್ಲುವ ಮಾತೆತ್ತಿದರೆ ನನ್ನನ್ನೇ ಚೆಲ್ಲುತ್ತಿದ್ದರು. ಆಗ ನಾಲ್ಕು ಮನೆಗೆ ಸೇರಿ ಒಂದು ಖಾಲಿ ಡ್ರಮ್ಮು ತಂದೆವು. ಒಂದು ಮನೆಯ ನೀರನ್ನು ಬಟ್ಟೆಯಲ್ಲಿ ಸೋಸಿ ಅದಕ್ಕೆ ಸುರಿಯುವುದು, ಖಾಲಿಯಾದದ್ದನ್ನು ತಿಕ್ಕಿ ಮತ್ತೆ ಅದಕ್ಕೇ ಸೋಸಿ ತುಂಬುವುದು, ಖಾಲಿ ಡ್ರಮ್ಮನ್ನು ಮುಂದಿನ ಮನೆಗೆ ಉರುಳಿಸುವುದು. ಎರಡು ಸಂಜೆಯಲ್ಲಿ ನಾಲ್ಕೂ ಮನೆ ಮುಗಿಯಿತು. ಪೈಪು ರಿಪೇರಿಯಾದ ಮೇಲೂ ಆ ಡ್ರಮ್ಮು ಓಣಿಯಲ್ಲಿ ತಿರುಗುತ್ತಲೇ ಇದೆ. ಮೊನ್ನೆ ಮೊದಲ ಮಳೆ ಬಿದ್ದ ಮರುದಿನ, ಮಾರಿ ಏನು ಚೀಟಿಯಿಂದ ಒರೆಸಿಕೊಳ್ಳಲೇ ಎಂದಿದ್ದ ಅದೇ ಬಾಯಾರು ನನ್ನ ಮನೆ ಬಾಗಿಲಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಡ್ರಮ್ ಮೂರ ದಿನ ಆತು ಆ ಮನಿಯಾಗ ಕುಂತು. ನಮ್ಮ ಪಾಳಿ ಯಾವಾಗ್ರಿ?”