ಕಾಲಿನ ಕಲೆಗೆ ಎಣ್ಣೆ ಒಂದೇ ಹನಿ ಸಾಕು

ಎತ್ತರ ಆಗಬೇಕೆಂದು ಕಾಲು ಉದ್ದ ಮಾಡಿಸಿಕೊಂಡ ಅಂಕೋಲೆ ಕಡೆಯ ಹುಡುಗನೊಬ್ಬ ಕಾರವಾರದಲ್ಲಿ ನನ್ನ ಹತ್ತಿರ ಫಿಸಿಯೋಥೆರಪಿಗೆ ಬರುತ್ತಿದ್ದ. ನಡಿಗೆ ಚೆನ್ನಾಗಿತ್ತು. ಆದರೆ ಎಂಥ ಸೆಖೆಯಲ್ಲೂ ಪ್ಯಾಂಟ್ ಮಡಚುತ್ತಿರಲಿಲ್ಲ. "ಅಕ್ಕ, ದಿನಾ ಅರ್ಧ ತಾಸು ಎಣ್ಣೆ ತಿಕ್ತೇನೆ, ಕಲೆ ಹೋಗೂದೇ ಇಲ್ಲ" ಅಂದ. ತಿಕ್ಕಿ ತೋರಿಸು ಅಂದೆ. ಎಣ್ಣೆಯ ಮೇಲೆ ಬೆರಳು ಜಾರುತ್ತಿತ್ತು, ಚರ್ಮ ಇದ್ದಲ್ಲೇ ಇತ್ತು. ಅಪಘಾತವಾಗಿ ಎಲುಬು ಕೂಡಲೆಂದು ಕಾಲಿನ ಹೊರಗೆ ರಿಂಗ್ ಹಾಕಿಸಿಕೊಂಡವರೂ ಇದೇ ತಪ್ಪು ಮಾಡುವುದನ್ನು ನೋಡಿದ್ದೇನೆ.

ಈ ಕಲೆ ಬೇರೆ ಗಾಯದ ಹಾಗಲ್ಲ. ಇಲಿಜಾರೊವ್ ಎಂಬ ಡಾಕ್ಟರು 1950ರ ದಶಕದಲ್ಲಿ ಸೋವಿಯತ್ ರಷ್ಯಾದಲ್ಲಿ ರೂಪಿಸಿದ, ಕಾಲು ಉದ್ದ ಮಾಡುವ ಕ್ರಮದಿಂದ ಆಗುವ ಕಲೆ ಇದು. ಎಲುಬು ಕತ್ತರಿಸಿ, ಹೊರಗಿನ ರಿಂಗಿಗೆ ತಂತಿ ಬಿಗಿದು, ದಿನಕ್ಕೆ ಸುಮಾರು 1 ಮಿ.ಮೀ. ಎಳೆಯುತ್ತಾರೆ. ಎಲುಬಿನ ಜೊತೆ ಚರ್ಮವೂ ಎಳೆದುಕೊಂಡು ತಂತಿಯ ದುಂಡು ತೂತು ಉದ್ದ ಗೆರೆಯಾಗುತ್ತದೆ. ಕೆಲವು ಕಡೆ ಒಳಗೆ ಅಂಟಿಕೊಂಡು, ಹಾಸಿಗೆಗೆ ದಾರ ಬಿಗಿದಲ್ಲಿ ಕುಳಿ ಬೀಳುತ್ತದಲ್ವಾ, ಹಾಗೆ ಕಾಣುತ್ತದೆ.

ಮೊದಲು ಗಾಯ ಪೂರ್ತಿ ಮುಚ್ಚಲಿ. ಹೊಪ್ಪಳೆ ತಾನಾಗಿ ಉದುರಬೇಕು, ಕಿತ್ತರೆ ಕಲೆ ದೊಡ್ಡದಾಗುತ್ತದೆ. ಅರಿಸಿನ, ಬೂದಿ ಏನೂ ಹಚ್ಚಬೇಡಿ. ಕೀವು ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ನಂಜಾಗುತ್ತದೆ ಎಂದು ನಮ್ಮ ಕಡೆ ಮೀನು ನಿಲ್ಲಿಸಿ ಬರೀ ಗಂಜಿ ಕೊಡುತ್ತಾರೆ. ಹಾಗೆ ಮಾಡಬೇಡಿ. ಗಾಯ ಕೂಡಲು ಪ್ರೋಟೀನ್ ಬೇಕು. ಮೀನು ಒಗ್ಗುವವರು ತಿನ್ನಲಿ, ತಿನ್ನದವರಿಗೆ ಬೇಳೆ, ಮೊಸರು ಜಾಸ್ತಿ ಕೊಡಿ.

ಇನ್ನು ಮಸಾಜು. ಡಾಕ್ಟರು ಒಪ್ಪಿದ ಮೇಲೆ ಶುರು ಮಾಡಿ. ಕುಳಿತು ಮೊಣಕಾಲ ಕೆಳಗೆ ದಿಂಬು ಇಡಿ. ಕೊಬ್ಬರಿ ಎಣ್ಣೆ ಒಂದೇ ಹನಿ. ಎರಡು ಬೆರಳ ತುದಿಯನ್ನು ಕಲೆಯ ಮೇಲಿಟ್ಟು, ಉಗುರಿನ ಬಣ್ಣ ಸ್ವಲ್ಪ ಬಿಳಿಚುವಷ್ಟು ಒತ್ತಿ. ಈಗ ಬೆರಳು ಜಾರಬಾರದು. ಬೆರಳಿನ ಜೊತೆ ಚರ್ಮವೇ ಎಲುಬಿನ ಮೇಲೆ ಸರಿಯಬೇಕು. ಮೇಲೆ ಕೆಳಗೆ, ಅಡ್ಡಡ್ಡ, ಆಮೇಲೆ ಸಣ್ಣ ಸುತ್ತು. ಯಾವ ದಿಕ್ಕಿಗೆ ಸರಿಯದೆ ಹಟ ಹಿಡಿಯುತ್ತದೋ ಅಲ್ಲೇ ಒತ್ತಿ ಹಿಡಿದು ಹತ್ತು ಎಣಿಸಿ. ಕುಳಿ ಬಿದ್ದಲ್ಲಿ ಅಕ್ಕಪಕ್ಕದ ಚರ್ಮವನ್ನು ಚಿವುಟಿದ ಹಾಗೆ ಮೆಲ್ಲಗೆ ಮೇಲೆತ್ತಿ. ಐದು ನಿಮಿಷ, ದಿನಕ್ಕೆ ಎರಡು ಸಲ, ತಿಂಗಳುಗಟ್ಟಲೆ. ಎಳೆದ ಹಾಗಾಗುವುದು ಸರಿ. ಚುಚ್ಚು ನೋವು, ಗುಳ್ಳೆ, ನೀರು ಬಂದರೆ ನಿಲ್ಲಿಸಿ. ವಿಟಮಿನ್ ಇ ಮಾತ್ರೆ ಒಡೆದು ಹಚ್ಚುವ ಅಭ್ಯಾಸ ಬಿಡಿ, ಕೆಲವರಿಗೆ ತುರಿಕೆ ಏಳುತ್ತದೆ.

ಕಲೆಯ ಮೇಲೆ ಅಂಟಿಸುವ ಸಿಲಿಕೋನ್ ಪಟ್ಟಿಯನ್ನು ಎರಡು ಮೂರು ತಿಂಗಳು, ದಿನಕ್ಕೆ 12 ತಾಸಾದರೂ ಹಾಕಬೇಕು. ಉಬ್ಬಿದ ಕಲೆಗೆ ಇದು ಒಳ್ಳೆಯದು. ಕರಾವಳಿಯ ಬೆವರಿಗೆ ಅದರಡಿ ಬೆವರುಸಾಲೆ ಏಳುತ್ತದೆ. ಹಾಗಾಗಿ ಎರಡು ತಾಸಿನಿಂದ ಶುರು ಮಾಡಿ ಏರಿಸುತ್ತಾ ಹೋಗಿ, ದಿನಾ ಪಟ್ಟಿ ತೊಳೆದು, ಕಾಲು ಒರೆಸಿ ಒಣಗಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನಾನು ಪಟ್ಟಿ ಬಿಡಿಸಿ ಸಿಲಿಕೋನ್ ಜೆಲ್ ಹಚ್ಚಿಸುತ್ತೇನೆ.

ಕಲೆ ಕೆಂಪಗಿರುವಷ್ಟು ದಿನ ಬಿಸಿಲು ತಾಗಬಾರದು, ತಾಗಿದರೆ ಕಪ್ಪಾಗಿ ಉಳಿಯುತ್ತದೆ. ಬೀಚಿಗೆ ಹೋದರೆ ಕಾಲು ಮುಚ್ಚಿ, ಇಲ್ಲವೇ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ. ಬೆಳ್ಳಗಾಗಲಿ ಎಂದು ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ಸ್ಟೆರಾಯ್ಡ್ ಬೆರೆತ ಟ್ಯೂಬ್ ಮಾತ್ರ ಬೇಡವೇ ಬೇಡ. ಚರ್ಮ ತೆಳುವಾಗುತ್ತದೆ.

ಕಲೆ ತುರಿಸುತ್ತಾ, ಗಾಯದ ಅಂಚು ದಾಟಿ ಬೆಳೆಯುತ್ತಿದ್ದರೆ ಅದು ಕೆಲಾಯ್ಡ್ ಇರಬಹುದು. ಚರ್ಮದ ಡಾಕ್ಟರು ಕಲೆಯೊಳಗೇ ಇಂಜೆಕ್ಷನ್ ಕೊಡುತ್ತಾರೆ. ಬೇಗ ತೋರಿಸಿದಷ್ಟೂ ಒಳ್ಳೆಯದು. ಕೆಲಾಯ್ಡ್ ಅಲ್ಲದ, ಒಳಗೆ ಅಂಟಿದ ಕಲೆ ಬಿಡಿಸುವ ಆಪರೇಶನ್ನಿಗೆ ಅವಸರ ಬೇಡ. ಕಲೆ ಮಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ತಿಂಗಳಿಗೊಮ್ಮೆ, ಒಂದೇ ಜಾಗದಲ್ಲಿ ನಿಂತು, ಒಂದೇ ಬೆಳಕಲ್ಲಿ ಕಾಲಿನ ಫೋಟೋ ತೆಗೆದಿಡಿ. ಡಾಕ್ಟರಿಗೆ ತೋರಿಸಲು ಅದೇ ಬೇಕಾಗುತ್ತದೆ.