ಹದಿನಾಲ್ಕನೇ ಗುಂಪು

ಜೀಬ್ರಾ ಮೀನು ಬೆಳಕು ಹತ್ತಿದ ಕೂಡಲೇ ಮೊಟ್ಟೆ ಇಡುತ್ತದೆ. ಹಿಂದಿನ ಸಂಜೆಯೇ ಗಂಡು, ಹೆಣ್ಣು ಎರಡನ್ನೂ ಒಂದೇ ತೊಟ್ಟಿಗೆ ಬಿಟ್ಟು, ನಡುವೆ ಒಂದು ತಡಿಕೆ ಇಟ್ಟಿರುತ್ತೇನೆ. ಬೆಳಗ್ಗೆ ತಡಿಕೆ ತೆಗೆದಾಗಿನಿಂದ ನನ್ನ ಗಡಿಯಾರ ಶುರು. ಸುಮಾರು ಮುಕ್ಕಾಲು ಗಂಟೆಗೆ ಒಂದು ಕೋಶ ಎರಡಾಗುತ್ತದೆ. ಆಮೇಲೆ ಕಾಲು ಗಂಟೆಗೊಮ್ಮೆ ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಹೋಗುತ್ತದೆ. ಮೊಟ್ಟೆ ಗಾಜಿನಷ್ಟು ತಿಳಿ. ಸುಮ್ನೆ ಮೈಕ್ರೋಸ್ಕೋಪ್ ಮುಂದೆ ಕೂತರೆ ಸಾಕು, ಎಲ್ಲ ಕಣ್ಣೆದುರೇ ನಡೆಯುತ್ತದೆ. 24 ಗಂಟೆ ಕಳೆಯುವಷ್ಟರಲ್ಲಿ ತಲೆ, ಬಾಲ, ಆಗಷ್ಟೇ ಮಿಡಿಯಲು ತೊಡಗಿದ ಹೃದಯ. ಎಷ್ಟು ವರ್ಷ ನೋಡಿದರೂ ನನಗೆ ಇದು ಹಳತಾಗಿಲ್ಲ.

ಆ ಅಷ್ಟೂ ಕೋಶಗಳಲ್ಲಿ ಇರುವುದು ಒಂದೇ ಜೀನೋಮ್, ಅಂದರೆ ಜೀನುಗಳ ಒಂದೇ ಪೂರ್ತಿ ಕಟ್ಟು. ಈ ಮೀನಿನ ಜೀನೋಮ್ 2013ರಲ್ಲಿ ವಿವರವಾಗಿ ಪ್ರಕಟವಾಯಿತು. ಪ್ರೋಟೀನ್ ಮಾಡುವ ಜೀನುಗಳೇ 26,000ಕ್ಕಿಂತ ಜಾಸ್ತಿ. ಮನುಷ್ಯರ ಜೀನುಗಳಲ್ಲಿ ಸುಮಾರು 70 ಶೇಕಡಾ ಜೀನುಗಳಿಗೆ ಇದರಲ್ಲಿ ಜೋಡಿ ಇದೆ. ಹಾಗಿದ್ದರೆ ಒಂದು ಕೋಶ ಸ್ನಾಯು ಆಗುತ್ತದೆ, ಪಕ್ಕದ್ದು ನರ ಆಗುತ್ತದೆ, ಯಾಕೆ? ಯಾವ ಕೋಶ ಯಾವ ಹೊತ್ತಿಗೆ ಯಾವ ಜೀನನ್ನು ಚಾಲೂ ಮಾಡಿದೆ ಎಂದು ಓದಬೇಕು. 2018ರಲ್ಲಿ ಮೀನು ಮತ್ತು ಕಪ್ಪೆಯ ಭ್ರೂಣಗಳನ್ನು ಹೀಗೆ ಕೋಶ ಕೋಶವಾಗಿ ಓದಿದ ಮೂರು ಲೇಖನಗಳು ಒಟ್ಟಿಗೆ ಬಂದವು. ಅದರಲ್ಲೊಂದು 694 ಮೀನಿನ ಭ್ರೂಣಗಳಿಂದ 38,731 ಕೋಶಗಳನ್ನು ಓದಿತ್ತು. ಅದನ್ನು ನೋಡಿಯೇ ನಾನು ಈ ಕೆಲಸಕ್ಕೆ ಕೈ ಹಾಕಿದ್ದು.

ನಾನು ಆರಿಸಿಕೊಂಡದ್ದು ಹತ್ತನೇ ಗಂಟೆ. ಮೊದಲ ಮೂರು ಗಂಟೆ ಭ್ರೂಣ ಹೆಚ್ಚಾಗಿ ತಾಯಿ ಮೊಟ್ಟೆಯೊಳಗೆ ಇಟ್ಟುಕೊಟ್ಟ ಆರ್‌ಎನ್‌ಎ ಮೇಲೇ ನಡೆಯುತ್ತದೆ. ಆರ್‌ಎನ್‌ಎ ಅಂದರೆ ಜೀನು ಚಾಲೂ ಆದಾಗ ತಯಾರಾಗುವ ಅದರ ನಕಲು; ನಾವು ಓದುವುದು ಅದನ್ನೇ. ಆಗ ಓದಿದರೆ ತಾಯಿಯದ್ದು ಯಾವುದು, ಭ್ರೂಣದ್ದು ಯಾವುದು ಎಂದು ಬಿಡಿಸುವುದೇ ದೊಡ್ಡ ಕೆಲಸ. ಹತ್ತನೇ ಗಂಟೆಗೆ ಭ್ರೂಣ ತನ್ನ ಕಾಲ ಮೇಲೆ ನಿಂತಿರುತ್ತದೆ. ಚರ್ಮ, ಸ್ನಾಯು ಮುಂತಾದವು ಹುಟ್ಟುವ ಕೋಶಗಳ ಪದರಗಳೂ ಆಗಿರುತ್ತವೆ.

ಬರೆಯುವುದಕ್ಕೆ ವಿಧಾನ ಸುಲಭ, ಮಾಡುವುದಕ್ಕೆ ಕೈ ಪಳಗಬೇಕು. ಮೊದಲು ಮೊಟ್ಟೆಯ ಸಿಪ್ಪೆ ಬಿಡಿಸಬೇಕು, ಆಮೇಲೆ ಒಳಗಿನ ಹಳದಿ ತೆಗೆಯಬೇಕು. ಹಳದಿ ಉಳಿದರೆ ಕೋಶಗಳೆಲ್ಲ ಅಂಟಂಟಾಗಿ ಕೂಡಿಕೊಂಡುಬಿಡುತ್ತವೆ. ಆಮೇಲೆ ಕಿಣ್ವದಲ್ಲಿ ನೆನೆಸಿ, ಪಿಪೆಟ್‌ನಲ್ಲಿ ಮೆಲ್ಲಗೆ ಎಳೆದು ಬಿಟ್ಟು ಮಾಡುತ್ತಾ ಕೋಶಗಳನ್ನು ಬಿಡಿಬಿಡಿ ಮಾಡಬೇಕು. ನಂತರ 40 ಮೈಕ್ರಾನ್ ಜರಡಿಯಲ್ಲಿ ಸೋಸುವುದು. ಯಂತ್ರ ಒಂದೊಂದು ಕೋಶವನ್ನೂ ಎಣ್ಣೆಯೊಳಗಿನ ಒಂದೊಂದು ಹನಿಗೆ ಸೇರಿಸುತ್ತದೆ. ಆ ಹನಿಯಲ್ಲಿ ಆರ್‌ಎನ್‌ಎಗೆ ಒಂದು ಬಾರ್‌ಕೋಡ್, ಅಂದರೆ ಆ ಕೋಶದ ಗುರುತಾಗುವ ಒಂದು ಚಿಕ್ಕ ಡಿಎನ್‌ಎ ತುಣುಕು, ಅಂಟುತ್ತದೆ. ಮುಂದೆ ಎಲ್ಲವನ್ನೂ ಒಟ್ಟಿಗೆ ಸೀಕ್ವೆನ್ಸ್ ಮಾಡಿದರೂ, ಅಂದರೆ ಅಕ್ಷರ ಅಕ್ಷರವಾಗಿ ಓದಿದರೂ, ಯಾವುದು ಯಾವ ಕೋಶದ್ದು ಎಂದು ಬಾರ್‌ಕೋಡ್ ಹೇಳುತ್ತದೆ.

ಡೇಟಾ ಬಂದ ಮೇಲೆ ಒಂದೇ ಬಗೆಯ ಜೀನುಗಳು ಚಾಲೂ ಇರುವ ಕೋಶಗಳನ್ನು ಗುಂಪು ಮಾಡಿದೆ. ಸ್ನಾಯುವಿನ ಗುಂಪಲ್ಲಿ ಕೋಶವನ್ನು ಸ್ನಾಯು ಮಾಡುವ ಮಯೋಡಿ ಜೀನು ಎದ್ದು ಕಾಣುತ್ತಿತ್ತು. ನೋಟೋಕಾರ್ಡ್, ಅಂದರೆ ಬೆನ್ನೆಲುಬಿಗಿಂತ ಮುಂಚೆ ಬರುವ ಸರಳು, ಅದೂ ಸಿಕ್ಕಿತು. ಎರಡು ಗುಂಪು ಮಾತ್ರ ಯಾವುದು ಅಂತ ಗೊತ್ತಾಗಲಿಲ್ಲ. ಒಂದು ತೀರಾ ಚಿಕ್ಕದು, ಕೆಲವೇ ಡಜನ್ ಕೋಶ. ಇನ್ನೊಂದು ಹದಿನಾಲ್ಕನೇ ಗುಂಪು. ಅದು ದೊಡ್ಡದಾಗಿತ್ತು, ಉಳಿದವುಗಳಿಂದ ಚೊಕ್ಕವಾಗಿ ದೂರ ನಿಂತಿತ್ತು. ಇಲ್ಲಿಯವರೆಗೆ ಯಾರೂ ಗುರುತಿಸದ ಕೋಶ ಇರಬಹುದೇ ಅಂತ ಎರಡು ವಾರ ಅದರ ಹಿಂದೆಯೇ ಬಿದ್ದಿದ್ದೆ.

ಆದರೆ ಅದರ ಜೀನುಗಳ ಪಟ್ಟಿ ನೋಡಿದಷ್ಟೂ ಸರಿ ಅನ್ನಿಸುತ್ತಿರಲಿಲ್ಲ. ಕೋಶಕ್ಕೆ ಆಘಾತವಾದಾಗ ಚಾಲೂ ಆಗುವ ಫಾಸ್, ಜುನ್, ಹೀಟ್ ಶಾಕ್ ಜೀನುಗಳೇ ಮೇಲೆ. ಅವುಗಳ ಕೆಳಗೆ ಕೆಲವು ಕೋಶಗಳಲ್ಲಿ ಚರ್ಮದ ಗುರುತು, ಕೆಲವುಗಳಲ್ಲಿ ಸ್ನಾಯುವಿನದು, ಕೆಲವುಗಳಲ್ಲಿ ನರದ್ದು. ಒಂದೇ ಜಾತಿಯ ಕೋಶವಾದರೆ ಹೀಗೆ ಇರೋದಿಲ್ಲ, ಅಲ್ವಾ?

ಡೇಟಾ ಎದುರು ಕೂತು ಇದು ಬಗೆಹರಿಯುವುದಿಲ್ಲ ಅಂತ ಆಗ ಗೊತ್ತಾಯಿತು. ಒಡೆಯದ ಇಡೀ ಭ್ರೂಣವನ್ನೇ ಕೇಳಬೇಕಿತ್ತು. ಎರಡೂ ಗುಂಪಿನ ಜೀನುಗಳಿಗೆ ಪ್ರೋಬ್, ಅಂದರೆ ಆ ಜೀನಿನ ಆರ್‌ಎನ್‌ಎಗೆ ಮಾತ್ರ ಹೋಗಿ ಅಂಟುವ ತುಣುಕು ಮಾಡಿ, ಹತ್ತನೇ ಗಂಟೆಯ ಭ್ರೂಣಗಳ ಮೇಲೆ ಹಾಕಿದೆ. ಜೀನು ಚಾಲೂ ಇರುವ ಜಾಗದಲ್ಲಿ ನೇರಳೆ ಬಣ್ಣ ಬರುವ ಪರೀಕ್ಷೆ ಇದು. ಮೂರು ದಿನ ಹಿಡಿಯುತ್ತದೆ.

ಮೂರನೇ ದಿನ ಡಿಶ್‌ ಅನ್ನು ಮೈಕ್ರೋಸ್ಕೋಪ್ ಕೆಳಗಿಟ್ಟೆ. ಚಿಕ್ಕ ಗುಂಪಿನ ಪ್ರೋಬ್ ಕ್ಯಾಥೆಪ್ಸಿನ್ ಬಗೆಯ, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವದ, ಒಂದು ಜೀನಿಗೆ. ಒಂದೊಂದೂ ಭ್ರೂಣದಲ್ಲಿ ತಲೆಯಾಗುವ ಜಾಗದ ತೀರಾ ಮುಂದುಗಡೆ, ಅದೇ ಜಾಗದಲ್ಲಿ, ಒಂದು ದಟ್ಟ ನೇರಳೆ ಮಚ್ಚೆ. ಮೊಟ್ಟೆಯ ಸಿಪ್ಪೆ ಕರಗಿಸಿ ಮರಿ ಹೊರಬರುವುದಕ್ಕೆ ಬೇಕಾದ ಗ್ರಂಥಿಯ ಕೋಶಗಳು ಅವು. ಮರಿ ಹೊರಗೆ ಬರುವುದು ಎರಡು ಮೂರು ದಿನ ಆದಮೇಲೆ. ಅದರ ತಯಾರಿ ಹತ್ತನೇ ಗಂಟೆಗೇ ಆಗಿತ್ತು! ತಾಸುಗಟ್ಟಲೆ ಆ ಡಿಶ್ ಬಿಟ್ಟು ಏಳಲಿಲ್ಲ.

ಪಕ್ಕದ ಡಿಶ್‌ನಲ್ಲಿ ಫಾಸ್ ಪ್ರೋಬ್. ಎಲ್ಲೂ ಬಣ್ಣ ಇಲ್ಲ. ಭ್ರೂಣದೊಳಗೆ ಹದಿನಾಲ್ಕನೇ ಗುಂಪು ಇರಲೇ ಇಲ್ಲ.

ಅದನ್ನು ಹುಟ್ಟಿಸಿದ್ದು ನಾನೇ. ಕೋಶಗಳನ್ನು ಬಿಡಿಸಲು ಬೆಚ್ಚಗಿನ ಕಿಣ್ವದಲ್ಲಿ ಅರ್ಧ ಗಂಟೆ ಇಟ್ಟಿದ್ದೆ. ಕೋಶ ಅಷ್ಟು ಹೊತ್ತೂ ಬದುಕಿಯೇ ಇರುತ್ತದೆ. ಅಕ್ಕಪಕ್ಕದವರಿಂದ ಕಿತ್ತು ಬಿಡಿಸಿದ ಆಘಾತಕ್ಕೆ ಅದು ನಿಮಿಷಗಳಲ್ಲೇ ಪ್ರತಿಕ್ರಿಯಿಸುತ್ತದೆ. ನಾನು ಓದಿದ್ದು ಆ ಆಘಾತವನ್ನು, ಬೆಳವಣಿಗೆಯನ್ನಲ್ಲ. ಮುಂದಿನ ಸಲ ಚಳಿಯಲ್ಲೂ ಕೆಲಸ ಮಾಡುವ ಬ್ಯಾಕ್ಟೀರಿಯಾದ ಕಿಣ್ವ ತಂದೆ. ಸುಮಾರು 6 ಡಿಗ್ರಿಯಲ್ಲಿ, ಐಸ್ ಪಕ್ಕದಿಂದ ಕದಲದೆ ಎಲ್ಲ ಮುಗಿಸಿದೆ. ಬೆರಳು ಮರಗಟ್ಟಿತು. ಹದಿನಾಲ್ಕನೇ ಗುಂಪು ಮಾಯವಾಗಿತ್ತು. ಅದರೊಳಗಿದ್ದ ಸ್ನಾಯು, ಚರ್ಮ, ನರ ತಂತಮ್ಮ ಗುಂಪಿಗೆ ಹೋಗಿ ಸೇರಿದ್ದವು. ಚಿಕ್ಕ ಗುಂಪು ಮಾತ್ರ ಇದ್ದಲ್ಲೇ ಇತ್ತು.

ಇನ್ನೊಂದು ಮಾತನ್ನು ಈ ಕೆಲಸ ಶುರು ಮಾಡುವವರಿಗೆ ಹೇಳಬೇಕು. ಒಂದೇ ಹೊತ್ತಿಗೆ ಇಟ್ಟ ಮೊಟ್ಟೆಗಳೆಲ್ಲ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. 28.5 ಡಿಗ್ರಿ ಕಾಪಾಡಿ, ಡಿಶ್‌ನಲ್ಲಿ ಜಾಸ್ತಿ ತುಂಬಬೇಡಿ. ಗಡಿಯಾರ ನಂಬದೆ ಒಂದೊಂದು ಭ್ರೂಣವನ್ನೂ ಕಣ್ಣಲ್ಲಿ ನೋಡಿ ಆರಿಸಿ. ಇಲ್ಲದಿದ್ದರೆ ಹಿಂದೆ ಬಿದ್ದ ಭ್ರೂಣಗಳೇ ಬೇರೆ ಗುಂಪಾಗಿ ಕೂರುತ್ತವೆ.

ಈಗ ಕೋಶ ಬಿಡಿಸುವ ದಿನ ಬಂದರೆ, ಕಿಣ್ವದ ಬಾಟಲಿ ತೆಗೆಯುವ ಮೊದಲೇ ಅದೇ ಮೊಟ್ಟೆಗಳಲ್ಲಿ ಮೂವತ್ತನ್ನು ಇಡಿಯಾಗಿ ತೆಗೆದು ಬೇರೆ ಟ್ಯೂಬ್‌ನಲ್ಲಿ ಫಿಕ್ಸ್ ಮಾಡುತ್ತೇನೆ, ಅಂದರೆ ಆ ಕ್ಷಣದಲ್ಲಿ ಇದ್ದ ಹಾಗೇ ಉಳಿಯುವಂತೆ ರಾಸಾಯನಿಕದಲ್ಲಿ ಹಿಡಿದಿಡುತ್ತೇನೆ. ಮೇಲೆ ತಾರೀಕು, ಗಂಟೆ ಬರೆದು ಫ್ರೀಜರ್‌ಗೆ ಇಡುತ್ತೇನೆ. ಡೇಟಾ ಬಂದ ದಿನ ಮೊದಲು ತೆಗೆಯುವುದು ಆ ಟ್ಯೂಬ್.