ಕಾಯಿಲೆ ಹೆಚ್ಚಾಗಿದೆ ಎಂದು ತಿಳಿಸಿದರೂ ಪಿಪ್ ಅಂಕ ಏರದಿದ್ದಾಗ

ಇಂಗ್ಲೆಂಡಿನಲ್ಲಿ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಅಂದರೆ ಪಿಪ್ (ದೀರ್ಘಕಾಲದ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಹಣ) ಪಡೆಯುತ್ತಿರುವವರಿಗಾಗಿ ಇದು. ನನ್ನ ಸಂಧಿವಾತ ಕೈಬೆರಳಿಗೂ ಹಬ್ಬಿತು. ಫೋನ್ ಮಾಡಿ ತಿಳಿಸಿ ಫಾರ್ಮ್ ತುಂಬಿದೆ. ದಿನನಿತ್ಯದ ಕೆಲಸಗಳಲ್ಲಿನ ತೊಂದರೆಗೆ ಕೊಡುವ ಅಂಕ ಮೊದಲಿನಷ್ಟೇ ಎಂದು ಪತ್ರ ಬಂತು.

ಎಕ್ಸ್‌ರೇ ವರದಿಯಿಂದ ಪ್ರಯೋಜನ ಆಗಲಿಲ್ಲ. ಮಾತ್ರೆ ಜಾಸ್ತಿ ಮಾಡಿದ್ದಾರೆ ಎಂಬ ಡಾಕ್ಟರ ಪತ್ರವೂ ಸಾಲಲಿಲ್ಲ. ಸುಮ್ನೆ ಫೋನ್ ಮಾಡುತ್ತಿದ್ದರೂ ಏನೂ ಕದಲಲಿಲ್ಲ.

ಕೊನೆಗೆ ಫಲ ಕೊಟ್ಟಿದ್ದು ಡೈರಿ. ಪತ್ರದ ತಾರೀಖಿನಿಂದ ಒಂದು ತಿಂಗಳೊಳಗೆ ಮ್ಯಾಂಡೇಟರಿ ರೀಕನ್ಸಿಡರೇಶನ್ (ತೀರ್ಮಾನದ ಮರುಪರಿಶೀಲನೆ) ಕೇಳಿ, ಜೊತೆಗೆ ಅದನ್ನು ಕಳಿಸಿದೆ. ಅಡುಗೆ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು ಹೀಗೆ ಫಾರ್ಮಿನಲ್ಲಿರುವ ಕ್ರಮದಲ್ಲೇ ಬರೆದೆ. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ: ಅಪಾಯವಿಲ್ಲದೆ ಆಗುತ್ತದಾ? ಸರಿಯಾಗಿ ಆಗುತ್ತದಾ? ಬೇಕಾದಷ್ಟು ಸಲ ಆಗುತ್ತದಾ? ಬೇರೆಯವರಿಗಿಂತ ಎರಡು ಪಟ್ಟಿಗೂ ಹೆಚ್ಚು ಹೊತ್ತು ಹಿಡಿಯುತ್ತದಾ?

‘ಅಡುಗೆ ಕಷ್ಟ’ ಎಂದರೆ ಸಾಲದು. ‘ಕುದಿಯುವ ಪಾತ್ರೆ ಕೈಜಾರುತ್ತದೆ, ಕ್ಯಾರೆಟ್ ಹೆಚ್ಚಲು ಚಾಕು ಹಿಡಿತಕ್ಕೆ ಸಿಗುವುದಿಲ್ಲ, ವಾರದಲ್ಲಿ ಐದು ದಿನ ಹೆಂಡತಿಯೇ ಹೆಚ್ಚಿಕೊಡಬೇಕು’ ಎಂದು ಬರೆದೆ. ದಿನಗಳ ಲೆಕ್ಕ ಮುಖ್ಯ, ಯಾಕೆಂದರೆ ತೊಂದರೆ ಅರ್ಧಕ್ಕಿಂತ ಹೆಚ್ಚು ದಿನ ಇರಬೇಕು. ಯಾವಾಗಿನಿಂದ ಹೆಚ್ಚಾಯಿತು ಎಂಬುದನ್ನೂ ಸೇರಿಸಿ. ಮೂರು ತಿಂಗಳಿಂದ ಇದ್ದು, ಮುಂದೆ ಒಂಬತ್ತು ತಿಂಗಳು ಇರುವಂತಿರಬೇಕು.

ದೈನಂದಿನ ಜೀವನದ ಭಾಗದಲ್ಲಿ 8 ಅಂಕಕ್ಕೆ ಸಾಮಾನ್ಯ ದರ, 12ಕ್ಕೆ ಹೆಚ್ಚಿನ ದರ. ನನಗೆ 12 ದಾಟಿತು.

ಒಂದು ಎಚ್ಚರಿಕೆ: ಬದಲಾವಣೆ ತಿಳಿಸಿದರೆ ಇಡೀ ಪಿಪ್ಪನ್ನೇ ಮತ್ತೆ ನೋಡುತ್ತಾರೆ, ಅಂಕ ಇಳಿಯಲೂಬಹುದು. ಮೊದಲೇ ಡೈರಿ ಸಿದ್ಧವಿರಲಿ. ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು) ಇದ್ದರೆ ಅದರ ಆನ್‌ಲೈನ್ ಖಾತೆಯಲ್ಲೂ ಬೇರೆಯಾಗಿಯೇ ತಿಳಿಸಿ.